ಪೈನ್‌ಟಾಪ್ ಹೆಸರಿನ ಇಬ್ಬರು ವಾದಕರು: ಬೂಗಿ-ವೂಗಿಯ ಎಡಗೈ ಯಾರಿಂದ ಯಾರಿಗೆ ಬಂತು?

ಕುಲಶೇಖರದ ತಂದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮಂಗಳೂರಿನಲ್ಲಿ ಕೆಲವು ವರ್ಷಗಳಿಂದ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿಯುತ್ತಿದ್ದಾಳೆ. ಟ್ರಿನಿಟಿಯ ಗ್ರೇಡ್ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸುತ್ತ ಬಂದಿದ್ದಾಳೆ. ಭಾನುವಾರಗಳಲ್ಲಿ ಇಗರ್ಜಿಯ ಗಾಯನ ಮಂಡಳಿಗೆ ಕೀಬೋರ್ಡ್ ನುಡಿಸುತ್ತಾಳೆ. ಇತ್ತೀಚೆಗೆ ಅವಳಿಗೆ ಅಮೆರಿಕದ ಕರಿಯರ ಸಂಗೀತವಾದ ಬ್ಲೂಸ್‌ನ ಪಿಯಾನೊದ, ಅದರಲ್ಲೂ ಬೂಗಿ-ವೂಗಿ ಶೈಲಿಯ ಹುಚ್ಚು ಹಿಡಿದಿದೆ. ಪೈನ್‌ಟಾಪ್ ಪರ್ಕಿನ್ಸ್ ಎಂಬ ಅಮೆರಿಕದ ಹಿರಿಯರು, ತೊಂಬತ್ತು ದಾಟಿದ ಪ್ರಾಯದಲ್ಲಿ, ಸೂಟು ಹ್ಯಾಟು ಧರಿಸಿ ಏನೂ ಆಯಾಸವಿಲ್ಲದವರಂತೆ ನುಡಿಸುವ ವಿಡಿಯೊ ಒಂದನ್ನು ನೋಡಿದ ದಿನದಿಂದ ಮನೆಯಲ್ಲಿ ಬೇರೆ ಸಂಗೀತವೇ ಇಲ್ಲವಾಗಿದೆ.

ನನಗೆ ಸಂಗೀತದ ವಿಷಯ ಹೆಚ್ಚು ತಿಳಿಯದು. ಆದುದರಿಂದ ತಿಳಿದವರಲ್ಲಿ ಕೆಲವು ಸಂದೇಹಗಳನ್ನು ಕೇಳುತ್ತಿದ್ದೇನೆ. ಇದೇ ಪೈನ್‌ಟಾಪ್ ಹೆಸರಿನಲ್ಲಿ 1928ರ ಧ್ವನಿಮುದ್ರಣವೊಂದು ಸಿಗುತ್ತದೆ. ಅದನ್ನು ನುಡಿಸಿದವರು ಇವರೇ ಆಗಿದ್ದರೆ ವಯಸ್ಸಿನ ಲೆಕ್ಕ ಹೊಂದುವುದಿಲ್ಲ. ಇವರು ಯಾರು, ಅವರು ಯಾರು, ಇಬ್ಬರ ನಡುವೆ ಗುರು-ಶಿಷ್ಯ ಸಂಬಂಧ ಏನಾದರೂ ಇತ್ತೆ? ಮತ್ತೊಂದು, ಮಗಳು ಈ ಶೈಲಿಯ ಮುದ್ರಿತ ನೊಟೇಶನ್ ತರಿಸಿ, ಬರೆದದ್ದನ್ನು ಬರೆದ ಹಾಗೆಯೇ, ಎಲ್ಲಿಯೂ ತಪ್ಪದೆ ನುಡಿಸುತ್ತಾಳೆ. ಆದರೂ ಮೂಲವನ್ನು ಕೇಳುವಾಗ ನನ್ನಂಥವನ ಕಾಲು ಸಹ ತಾನಾಗಿ ತಾಳ ಹಾಕುತ್ತದೆ, ಇವಳದನ್ನು ಕೇಳುವಾಗ ಹಾಕುವುದಿಲ್ಲ. ಇದು ಅವಳಿಗೂ ಗೊತ್ತು, ಅದೇ ಅವಳ ಬೇಸರ. ಸ್ವಲ್ಪ ಹೊತ್ತು ನುಡಿಸಿದರೆ ಎಡಗೈಯ ಮೊಣಕೈ ಕೆಳಗಿನ ಭಾಗ ನೋಯುತ್ತದೆ ಎಂದೂ ಹೇಳುತ್ತಾಳೆ. ಅವಳ ಟೀಚರ್ ಬೇಡವೆನ್ನಲಿಲ್ಲ, ಆದರೆ ಇದು ತಮ್ಮ ಕ್ಷೇತ್ರವಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು.

ಕೊನೆಯದಾಗಿ ಮಗಳ ಸ್ವಂತ ಪ್ರಶ್ನೆ: ಈ ಪರಂಪರೆಯಲ್ಲಿ ಹೆಂಗಸರು ಯಾರೂ ಇಲ್ಲವೆ?

ಬೆಂದೂರಿನ ಪಿಯಾನೊ ಟೀಚರ್

ಇತಿಹಾಸವನ್ನು ಇಲ್ಲಿ ನನಗಿಂತ ಚೆನ್ನಾಗಿ ಹೇಳಬಲ್ಲವರಿದ್ದಾರೆ; ನಾನು ಕೈಯ ವಿಷಯ ಹೇಳುತ್ತೇನೆ. ನಿಮ್ಮ ಮಗಳ ತೊಂದರೆ ಬೆರಳಿನದ್ದಲ್ಲ, ಎಡಗೈಗೆ ಇನ್ನೂ ಸ್ವಂತ ಬದುಕು ಬಂದಿಲ್ಲ ಎಂಬುದಷ್ಟೇ.

ಬೂಗಿ-ವೂಗಿಯ ಚೌಕಟ್ಟು ಬಹಳ ಸರಳವಾದುದು. ಹನ್ನೆರಡು ಬಾರ್‌ಗಳ ಒಂದು ಆವರ್ತ; ಒಂದು ಬಾರ್ ಎಂದರೆ ನಾಲ್ಕು ಬೀಟ್. ಸಿ ಮೇಜರ್‌ನಲ್ಲಿ ಹೇಳುವುದಾದರೆ ನಾಲ್ಕು ಬಾರ್ ಸಿ, ಎರಡು ಎಫ್, ಮತ್ತೆ ಎರಡು ಸಿ, ಒಂದು ಜಿ, ಒಂದು ಎಫ್, ಕೊನೆಗೆ ಎರಡು ಸಿ. ಅದು ಮುಗಿದೊಡನೆ ಮತ್ತೆ ಮೊದಲಿನಿಂದ. ಪ್ರತಿ ಬಾರ್‌ನಲ್ಲಿ ಎಡಗೈ ಎಂಟು ಸ್ವರಗಳನ್ನು ನುಡಿಸುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ನಡೆಯನ್ನು ನಮ್ಮ ಸ್ವರಗಳಲ್ಲಿ ಹೇಳಿದರೆ ಸ ಗ ಪ ಧ ನಿ ಧ ಪ ಗ. ಇಲ್ಲಿ ಗಾಂಧಾರ ಅಂತರ, ಧೈವತ ಚತುಶ್ರುತಿ, ನಿಷಾದ ಕೈಶಿಕಿ. ಎಫ್‌ಗೆ ಬಂದಾಗ ಮಧ್ಯಮವನ್ನೇ ಷಡ್ಜವೆಂದುಕೊಂಡು, ಜಿಗೆ ಬಂದಾಗ ಪಂಚಮವನ್ನೇ ಷಡ್ಜವೆಂದುಕೊಂಡು, ಅದೇ ಆಕಾರವನ್ನು ಅಲ್ಲಿಗೆ ಸರಿಸಬೇಕು. ಒಂದು ಆವರ್ತಕ್ಕೆ ಎಡಗೈಯ 96 ಪೆಟ್ಟುಗಳಾದವು. ನಿಮಿಷಕ್ಕೆ 160 ಬೀಟ್ ವೇಗದಲ್ಲಿ ಒಂದು ಆವರ್ತ ಮುಗಿಯಲು ಹದಿನೆಂಟು ಸೆಕೆಂಡ್ ಸಾಕು. ಹಳೆಯ 78 ವೇಗದ ಗ್ರಾಮಫೋನ್ ತಟ್ಟೆಯ ಮೂರು ನಿಮಿಷದೊಳಗೆ ಹತ್ತು ಆವರ್ತ, ಅಂದರೆ ಸಾವಿರಕ್ಕೆ ತುಸು ಕಡಿಮೆ ಪೆಟ್ಟು, ಒಂದೂ ಎಡವದೆ. ಕೈ ನೋಯುವುದರಲ್ಲಿ ಆಶ್ಚರ್ಯವೇನು?

ತಬಲಾ ಸೋಲೊ ನಡೆಯುವಾಗ ಹಾರ್ಮೋನಿಯಂನವರು ಒಂದೇ ಲೆಹರಾವನ್ನು ಕದಲದೆ ಹಿಡಿದಿರುತ್ತಾರಲ್ಲ, ತಬಲಾದವರು ಅದರ ಮೇಲೆ ಎಷ್ಟು ದೂರ ಹೋದರೂ ಸಮಕ್ಕೆ ಮರಳುವ ಧೈರ್ಯ ಅವರಿಗೆ ಬರುವುದು ಅದರಿಂದಲೇ. ಬೂಗಿ-ವೂಗಿಯಲ್ಲಿ ಆ ಇಬ್ಬರೂ ಒಬ್ಬರೇ ವಾದಕರ ಎರಡು ಕೈಗಳಲ್ಲಿ ಇರುತ್ತಾರೆ. ಬರೆದದ್ದನ್ನು ಓದಿ ನುಡಿಸುವ ಮಕ್ಕಳಿಗೆ ಎರಡೂ ಕೈಗಳು ಒಂದೇ ಗೆರೆಯ ಮೇಲೆ ಕೆಳಗೆ ಕೂಡಿಕೊಂಡು ಕಾಣಿಸುತ್ತವೆ, ಹಾಗಾಗಿ ಅವು ಕೂಡಿಕೊಂಡೇ ಚಲಿಸುತ್ತವೆ. ಆದುದರಿಂದ ಪುಸ್ತಕವನ್ನು ಕೆಲವು ವಾರ ಮುಚ್ಚಿಡಿ. ಎಡಗೈ ಒಂದನ್ನೇ, ನಿಮಿಷಕ್ಕೆ 70 ಅಥವಾ 80 ಬೀಟ್‌ನಲ್ಲಿ, ಹನ್ನೆರಡು ಬಾರ್‌ಗಳ ಆವರ್ತವನ್ನು ಬಿಡದೆ ಸುತ್ತಿಸಲಿ. ಅವಳು ನುಡಿಸುತ್ತಿರುವಾಗ ನೀವು ಪಕ್ಕದಲ್ಲಿ ನಿಂತು, ಇವತ್ತು ಶಾಲೆಯಲ್ಲಿ ಏನಾಯಿತು, ರಾತ್ರಿ ಊಟಕ್ಕೆ ಏನು ಬೇಕು ಎಂದು ಸುಮ್ಮನೆ ಕೇಳಿ. ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡುವಾಗ ಕೈ ತಡವರಿಸಿದರೆ ಬಲಗೈಯನ್ನು ಸೇರಿಸುವ ಕಾಲ ಇನ್ನೂ ಬಂದಿಲ್ಲ. ತಡವರಿಸದ ದಿನ ಬಲಗೈಯಿಂದ ಒಂದು ಕಾರ್ಡನ್ನು (ಒಟ್ಟಿಗೆ ಒತ್ತುವ ಸ್ವರಗಳ ಗುಂಪನ್ನು) ಮಾತ್ರ, ಬೀಟಿನ ಮೇಲಲ್ಲ, ಎರಡು ಬೀಟುಗಳ ನಡುವೆ ಇಡಲಿ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇಲ್ಲಿಯೇ ಎಡವುತ್ತಾರೆ: ಬಲಗೈ ನಡುವೆ ಬಿದ್ದ ತಕ್ಷಣ ಎಡಗೈಯೂ ಅಲ್ಲಿಗೇ ಜಾರುತ್ತದೆ.

ಕಾಲು ತಾಳ ಹಾಕದಿರುವುದಕ್ಕೆ ಇನ್ನೊಂದು ಕಾರಣವಿದೆ. ನೊಟೇಶನ್‌ನಲ್ಲಿ ಆ ಎಂಟು ಸ್ವರಗಳನ್ನು ಸಮಾನ ಅವಧಿಯವೆಂಬಂತೆ ಬರೆಯುವುದು ವಾಡಿಕೆ. ನುಡಿಸುವವರು ಹಾಗೆ ನುಡಿಸುವುದಿಲ್ಲ. ಒಂದು ಬೀಟನ್ನು ತಿಶ್ರದಲ್ಲಿ ಮೂರು ಪಾಲು ಮಾಡಿ, ಮೊದಲ ಸ್ವರಕ್ಕೆ ಎರಡು ಪಾಲು, ಎರಡನೆಯದಕ್ಕೆ ಒಂದು ಪಾಲು ಕೊಟ್ಟರೆ ಆ ತೂಗು ಬರುತ್ತದೆ. ಇದೂ ಕಟ್ಟುನಿಟ್ಟಾದ ಲೆಕ್ಕವಲ್ಲ. ವೇಗ ಏರಿದಂತೆ ಎರಡೂ ಸ್ವರಗಳು ಸಮಾನತೆಯ ಕಡೆಗೆ ಸರಿಯುತ್ತವೆ, ಮತ್ತು ಎಷ್ಟು ಸರಿಯಬೇಕೆಂಬುದು ಒಬ್ಬೊಬ್ಬ ವಾದಕರಲ್ಲಿ ಒಂದೊಂದು ರೀತಿ. ಅದನ್ನು ಕಾಗದ ಕಲಿಸದು, ಕಿವಿಯೇ ಕಲಿಸಬೇಕು.

ನೋವಿನ ಬಗ್ಗೆ: ಮಣಿಕಟ್ಟನ್ನು ಬಿಗಿ ಹಿಡಿದು ಬೆರಳಿನ ಬಲದಿಂದಲೇ ಹೊಡೆಯುತ್ತಿರಬೇಕು. ಪೆಟ್ಟು ಬರಬೇಕಾದದ್ದು ಮುಂಗೈಯ ತಿರುಗುವಿಕೆಯಿಂದ, ಬೀಗದಲ್ಲಿ ಕೀ ತಿರುಗಿಸುವ ಚಲನೆಯಿಂದ. ಕೈ ಚಿಕ್ಕದಾಗಿದ್ದರೆ ಆಕ್ಟೇವ್‌ಗಳ (ಷಡ್ಜದಿಂದ ಮೇಲಿನ ಷಡ್ಜದವರೆಗೆ ಕೈ ಚಾಚುವ) ನಡೆಯನ್ನು ಈಗಲೇ ಹಿಡಿಯುವುದು ಬೇಡ, ಒಂಟಿ ಸ್ವರಗಳು ಸಾಕು. ನೋವು ಕಂಡ ಕ್ಷಣ ನಿಲ್ಲಿಸಲಿ. ನಿಲ್ಲಿಸಿದ ಮೇಲೂ ನೋವು ಉಳಿದರೆ, ಅಥವಾ ಬೆರಳು ಜೋಮು ಹಿಡಿದರೆ, ಇಲ್ಲಿ ಕೇಳದೆ ವೈದ್ಯರಿಗೆ ತೋರಿಸಿ.

ಕಲ್ಯಾಣಪುರದ ಗ್ರಾಮಫೋನ್

ಟೀಚರ್ ಕೈಯ ವಿಷಯವನ್ನು ಪೂರ್ತಿಯಾಗಿ ಹೇಳಿರುವುದರಿಂದ ನಾನು ಹೆಸರುಗಳ ಗಂಟನ್ನು ಬಿಡಿಸುತ್ತೇನೆ.

1928ರ ಮುದ್ರಣ ಕ್ಲಾರೆನ್ಸ್ ಸ್ಮಿತ್ ಅವರದು. 1904ರಲ್ಲಿ ಅಲಬಾಮಾದಲ್ಲಿ ಹುಟ್ಟಿದ ಇವರನ್ನು ಎಲ್ಲರೂ ಪೈನ್‌ಟಾಪ್ ಎಂದೇ ಕರೆಯುತ್ತಿದ್ದರು. 1928ರ ಡಿಸೆಂಬರ್ 29ರಂದು ಶಿಕಾಗೊದಲ್ಲಿ ವೊಕಾಲಿಯನ್ ಕಂಪೆನಿಗಾಗಿ ತಮ್ಮದೇ ಹೆಸರಿನ ಬೂಗಿ-ವೂಗಿಯನ್ನು ಮುದ್ರಿಸಿಕೊಟ್ಟರು. ಅದನ್ನು ಗಮನವಿಟ್ಟು ಕೇಳಿದರೆ ವಾದನದ ನಡುವೆ ಅವರು ಮಾತನಾಡುವುದು ಕೇಳಿಸುತ್ತದೆ. ಎದುರಿಗೆ ಕುಣಿಯುವವರಿದ್ದಾರೆ ಎಂಬಂತೆ, ಯಾವಾಗ ಅಲುಗಾಡದೆ ನಿಲ್ಲಬೇಕು, ಯಾವಾಗ ಮತ್ತೆ ಕುಣಿಯಬೇಕು ಎಂದು ಅಪ್ಪಣೆ ಕೊಡುತ್ತಾರೆ. ಇದು ಕೂತು ಕೇಳುವ ಸಂಗೀತವಾಗಿ ಹುಟ್ಟಿದ್ದಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಮುದ್ರಣವಾದ ಮೂರು ತಿಂಗಳೊಳಗೆ, 1929ರ ಮಾರ್ಚ್‌ನಲ್ಲಿ, ಶಿಕಾಗೊದ ನೃತ್ಯ ಸಭಾಂಗಣವೊಂದರ ಜಗಳದಲ್ಲಿ ಗುಂಡು ತಗುಲಿ ಸ್ಮಿತ್ ತೀರಿಕೊಂಡರು. ವಯಸ್ಸು 24.

ನಿಮ್ಮ ಮಗಳು ನೋಡಿದ ಜೋ ವಿಲ್ಲಿ ಪರ್ಕಿನ್ಸ್ ಹುಟ್ಟಿದ್ದು 1913ರಲ್ಲಿ, ಮಿಸಿಸಿಪ್ಪಿಯ ಬೆಲ್ಜೋನಿಯಲ್ಲಿ. ಸ್ಮಿತ್ ಅವರ ಆ ತಟ್ಟೆಯನ್ನು ನುಡಿಸಿ ನುಡಿಸಿಯೇ ಇವರಿಗೂ ಪೈನ್‌ಟಾಪ್ ಎಂಬ ಹೆಸರು ಅಂಟಿಕೊಂಡಿತು. 1953ರಲ್ಲಿ ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಸ್ಟುಡಿಯೊದಲ್ಲಿ ಅದನ್ನೇ ಮುದ್ರಿಸಿಕೊಟ್ಟರು ಕೂಡ. ಎದುರುಬದುರು ಕುಳಿತು ಪಾಠ ಹೇಳಿಸಿಕೊಂಡ ಸಂಬಂಧವಲ್ಲ, ತಟ್ಟೆಯ ಮೂಲಕ ಬಂದ ಸಂಬಂಧ. ಇನ್ನೂ ವಿಶೇಷವೆಂದರೆ ಪರ್ಕಿನ್ಸ್ ಮೊದಲು ಗಿಟಾರ್ ವಾದಕರಾಗಿದ್ದರು. 1940ರ ದಶಕದಲ್ಲಿ ಅರ್ಕನ್ಸಾದ ಹೆಲೆನಾದಲ್ಲಿ ನಡೆದ ಜಗಳವೊಂದರಲ್ಲಿ ಚೂರಿಯೇಟಿನಿಂದ ಎಡತೋಳಿನ ಸ್ನಾಯುರಜ್ಜುಗಳು ತುಂಡಾಗಿ, ಗಿಟಾರನ್ನು ಬಿಟ್ಟು ಪಿಯಾನೊವನ್ನೇ ನೆಚ್ಚಿಕೊಂಡರು. ಎಡಗೈಯೇ ಪ್ರಾಣವಾಗಿರುವ ಶೈಲಿಯನ್ನು ಏಟು ತಿಂದ ಎಡಗೈಯಿಂದಲೇ ಅರವತ್ತಕ್ಕೂ ಹೆಚ್ಚು ವರ್ಷ ಮುಂದುವರಿಸಿದರು ಎಂಬುದನ್ನು ನಿಮ್ಮ ಮಗಳಿಗೆ ಹೇಳಿ. 1969ರಲ್ಲಿ ಪಿಯಾನೊ ವಾದಕ ಓಟಿಸ್ ಸ್ಪ್ಯಾನ್ ಅವರ ಸ್ಥಾನದಲ್ಲಿ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ ತಂಡಕ್ಕೆ ಸೇರಿದರು. 2011ರ ಫೆಬ್ರವರಿಯಲ್ಲಿ, 97ನೆಯ ವಯಸ್ಸಿನಲ್ಲಿ, ಡ್ರಮ್ ವಾದಕ ವಿಲ್ಲಿ ಸ್ಮಿತ್ ಅವರೊಡನೆ ಮಾಡಿದ ಆಲ್ಬಮ್‌ಗೆ ಗ್ರ್ಯಾಮಿ ಪಡೆದು, ಮರುತಿಂಗಳು ಆಸ್ಟಿನ್‌ನಲ್ಲಿ ನಿಧನರಾದರು.

ಇಬ್ಬರು ಪೈನ್‌ಟಾಪ್‌ಗಳ ಹಿಂದೆಯೂ ಜನರಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಟೆಕ್ಸಾಸ್‌ನ ಈಶಾನ್ಯ ಮೂಲೆಯ ಪೈನ್ ಕಾಡುಗಳಲ್ಲಿ ಮರ ಕಡಿಯುವ ಶಿಬಿರಗಳು, ಅವುಗಳಿಗೆ ಹಾಸಿದ ರೈಲು ಹಳಿಗಳು, ಶಿಬಿರದ ಹೆಂಡದಂಗಡಿಯಲ್ಲಿ ಶ್ರುತಿ ಕೆಟ್ಟ ಒಂದು ಪಿಯಾನೊ, ಅದನ್ನು ನುಡಿಸುತ್ತ ಶಿಬಿರದಿಂದ ಶಿಬಿರಕ್ಕೆ ಹೋಗುವ ಕರಿಯ ವಾದಕರು. ಗದ್ದಲದ ನಡುವೆ ಕೇಳಿಸಬೇಕು, ಡ್ರಮ್ ಇಲ್ಲ, ಬಾಸ್ ಇಲ್ಲ, ಕುಣಿಯುವವರಿಗೆ ಲಯ ಬೇಕು. ಎಡಗೈ ಹಾಗೆ ಬೆಳೆದದ್ದು ಈ ಅಗತ್ಯದಿಂದ. ಅಲ್ಲಿಂದ ಉತ್ತರದ ನಗರಗಳಿಗೆ ಗುಳೆ ಹೋದವರೊಡನೆ ಇದು ಶಿಕಾಗೊ ತಲುಪಿತು. ಬಾಡಿಗೆ ಹಣ ಕೂಡಿಸಲು ಮನೆಯಲ್ಲೇ ಪಾರ್ಟಿ ಇಟ್ಟು ಬಂದವರಿಂದ ಪ್ರವೇಶ ಶುಲ್ಕ ಪಡೆಯುವ ಪದ್ಧತಿ ಅಲ್ಲಿತ್ತು. ಅಲ್ಲಿ ಪಿಯಾನೊದವರಿಗೆ ಕೆಲಸ. ಹೂಸ್ಟನ್ ಕಡೆಯಿಂದ ಬಂದ ಹರ್ಸಲ್ ಥಾಮಸ್ ಎಂಬ ಹುಡುಗನ ವಾದನವನ್ನು ಕೇಳಿ ಆಲ್ಬರ್ಟ್ ಆಮನ್ಸ್, ಮೀಡ್ ಲಕ್ಸ್ ಲೂಯಿಸ್ ಎಂಬ ಪಿಯಾನೊ ವಾದಕರು ಕಲಿತರು. ಆ ಹುಡುಗ 1926ರಲ್ಲಿ, ಇಪ್ಪತ್ತು ತುಂಬುವ ಹೊತ್ತಿಗೇ ತೀರಿಕೊಂಡ. ಆಮನ್ಸ್, ಲೂಯಿಸ್ ಇಬ್ಬರೂ ಟ್ಯಾಕ್ಸಿ ಓಡಿಸುತ್ತಿದ್ದರು, ಮತ್ತು ಒಂದು ಕಾಲದಲ್ಲಿ ಇವರಿಬ್ಬರೂ ಪೈನ್‌ಟಾಪ್ ಸ್ಮಿತ್ ಅವರೂ ಒಂದೇ ಕಟ್ಟಡದಲ್ಲಿ ವಾಸವಾಗಿದ್ದರು.

ಆಮನ್ಸ್ ಕಲಿತ ರೀತಿ ನಿಮ್ಮ ಮಗಳಿಗೆ ಉಪಯುಕ್ತವಾದೀತು. ಅವರ ಮನೆಯಲ್ಲಿ ಕಾಗದದ ಸುರುಳಿಯಿಂದ ತಾನೇ ನುಡಿಯುವ ಪಿಯಾನೊ ಇತ್ತು. ಸುರುಳಿ ಓಡುವಾಗ ಯಾವ ಕೀಗಳು ಕೆಳಗಿಳಿಯುತ್ತವೆಯೋ ಅವುಗಳ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿ, ಆಮೇಲೆ ಅದೇ ಕೀಗಳನ್ನು ತಾವು ಒತ್ತಿ ಒತ್ತಿ ಕಾರ್ಡ್‌ಗಳನ್ನು ಕಲಿತುಕೊಂಡರು. ಲೂಯಿಸ್ ಅವರ ರೈಲಿನ ಸದ್ದಿನ ಪ್ರಸಿದ್ಧ ಬ್ಲೂಸ್ 1927ರಲ್ಲಿಯೇ ಮುದ್ರಣವಾಗಿತ್ತು. ಆದರೆ 1935ರಲ್ಲಿ ಜಾನ್ ಹ್ಯಾಮಂಡ್ ಎಂಬ ನಿರ್ಮಾಪಕರು ಅವರನ್ನು ಹುಡುಕಿ ಹೊರಟಾಗ ಅವರು ಸಿಕ್ಕಿದ್ದು ಕಾರು ತೊಳೆಯುವ ಕೆಲಸದಲ್ಲಿ. ಅದೇ ಹ್ಯಾಮಂಡ್ 1938ರ ಡಿಸೆಂಬರ್ 23ರಂದು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಏರ್ಪಡಿಸಿದ ಕಛೇರಿಯಲ್ಲಿ ಆಮನ್ಸ್, ಲೂಯಿಸ್, ಕಾನ್ಸಾಸ್ ಸಿಟಿಯ ಪೀಟ್ ಜಾನ್ಸನ್, ಅವರ ಗಾಯಕ ಬಿಗ್ ಜೋ ಟರ್ನರ್ ಒಟ್ಟಿಗೆ ವೇದಿಕೆ ಏರಿದರು. ಮರುತಿಂಗಳು, 1939ರ ಜನವರಿ 6ರಂದು, ಬ್ಲೂ ನೋಟ್ ಕಂಪೆನಿ ತನ್ನ ಮೊತ್ತಮೊದಲ ಮುದ್ರಣಕ್ಕೆ ಕರೆದದ್ದು ಆಮನ್ಸ್ ಮತ್ತು ಲೂಯಿಸ್ ಇಬ್ಬರನ್ನೇ.

ಹೆಂಗಸರು ಇದ್ದರು, ಮತ್ತು ನಡುವಿನ ಕೊಂಡಿಯೇ ಒಬ್ಬ ಹೆಂಗಸು. ಸ್ಮಿತ್ ಅವರ ಆ ತಟ್ಟೆ ಮೂಲೆ ಸೇರುತ್ತಿದ್ದ ಹೊತ್ತಿನಲ್ಲಿ, 1935ರಲ್ಲಿ, ಅದನ್ನು ಡೆಕ್ಕಾ ಕಂಪೆನಿಗೆ ಮತ್ತೆ ಮುದ್ರಿಸಿ ಜನರ ಕಿವಿಗೆ ಹಾಕಿದವರು ಕ್ಲಿಯೊ ಬ್ರೌನ್. ಟಾಮಿ ಡೋರ್ಸಿಯ ದೊಡ್ಡ ತಂಡ ಅದನ್ನು ನುಡಿಸಿದ್ದು ಅದಕ್ಕೂ ಮೂರು ವರ್ಷದ ಮೇಲೆ. ಮೇರಿ ಲೂ ವಿಲಿಯಮ್ಸ್, ಹ್ಯಾಡಾ ಬ್ರೂಕ್ಸ್, ಲೂಯಿಸಿಯಾನಾದ ಕೇಟಿ ವೆಬ್‌ಸ್ಟರ್, ಇವತ್ತಿನ ಮಾರ್ಸಿಯಾ ಬಾಲ್, ಇವರೆಲ್ಲರನ್ನೂ ಕೇಳಲಿ.

ಪ್ರಸಂಗವಶಾತ್ ಒಂದು ಮಾತು. ಅದೇ ಕಾಲದ ಶಿಕಾಗೊದಿಂದ ಹೊರಟ ಟೆಡ್ಡಿ ವೆದರ್‌ಫರ್ಡ್ ಎಂಬ ಪಿಯಾನೊ ವಾದಕರು ಮುಂಬಯಿಯ ತಾಜ್ ಹೋಟೆಲಿನಲ್ಲೂ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲಿನಲ್ಲೂ ನುಡಿಸಿ, 1945ರಲ್ಲಿ ಕಲ್ಕತ್ತೆಯಲ್ಲಿಯೇ ಕಾಲರಾದಿಂದ ತೀರಿಕೊಂಡರು. ಅವರು ಬೂಗಿ-ವೂಗಿಯವರಲ್ಲ, ಆದರೆ ಶಿಕಾಗೊದ ಪಿಯಾನೊ ನಮ್ಮ ದೇಶದ ನೆಲಕ್ಕೆ ತೀರಾ ಅಪರಿಚಿತವೂ ಅಲ್ಲ.

ಮಣಿಪಾಲದ ಶ್ರೋತೃ

ಕಲ್ಯಾಣಪುರದವರ ಬರಹ ಸೊಗಸಾಗಿದೆ, ಆದರೆ ಪರಂಪರೆ ಎಂಬ ಮಾತಿಗೆ ನನ್ನ ಆಕ್ಷೇಪವಿದೆ. ಕುಣಿಯುವವರಿಗಾಗಿ, ಬಾಡಿಗೆ ಕಟ್ಟಲಾಗದ ಮನೆಗಳಲ್ಲಿ, ಕರಿಯ ದುಡಿಮೆಗಾರರು ಕಟ್ಟಿದ ಸಂಗೀತ ಇದು. ಆ ಮನೆಗಳಿಲ್ಲ, ಆ ಕುಣಿತವಿಲ್ಲ. ಇಂದು ಬೂಗಿ-ವೂಗಿ ಹೆಚ್ಚಾಗಿ ಕೇಳಿಸುವುದು ಯುರೋಪಿನ ಉತ್ಸವಗಳಲ್ಲಿ; ಅಲ್ಲಿ ಒಬ್ಬರಿಗಿಂತ ಒಬ್ಬರು ವೇಗವಾಗಿ ನುಡಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ತಟ್ಟೆಯಲ್ಲಿ ಮೂರು ನಿಮಿಷಕ್ಕೆ ಹೆಪ್ಪುಗಟ್ಟಿದ್ದನ್ನು ಅಕ್ಷರಶಃ ಒಪ್ಪಿಸುವುದನ್ನು ಮುಂದುವರಿಕೆ ಎನ್ನಬಹುದೆ? ಬ್ಲೂಸ್‌ನ ನೋವು ಎಲ್ಲಿ ಹೋಯಿತು? ಆ ಹುಡುಗಿಗೆ ನಾವು ಕಲಿಸಲು ಹೊರಟಿರುವುದು ಒಂದು ಕೈಚಳಕವನ್ನು ಮಾತ್ರ ಎಂದು ನನಗೆ ಅನ್ನಿಸುತ್ತದೆ.

ಕಲ್ಯಾಣಪುರದ ಗ್ರಾಮಫೋನ್

ವೇಗದ ಪ್ರದರ್ಶನದ ಬಗ್ಗೆ ನೀವು ಹೇಳಿದ್ದರಲ್ಲಿ ಅರ್ಧ ನಿಜವಿದೆ. ನನಗೂ ಅಂಥದನ್ನು ಐದು ನಿಮಿಷಕ್ಕಿಂತ ಹೆಚ್ಚು ಕೇಳಲಾಗುವುದಿಲ್ಲ. ಆದರೆ ಉಳಿದರ್ಧವನ್ನು ಒಪ್ಪಲಾರೆ.

ವೇಗವೇ ಈ ಶೈಲಿಯ ಲಕ್ಷಣವೆಂದುಕೊಂಡವರು ಜಿಮ್ಮಿ ಯಾನ್ಸಿಯನ್ನು ಕೇಳಬೇಕು. ಶಿಕಾಗೊದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಇಪ್ಪತ್ತೈದು ವರ್ಷ ಹುಲ್ಲು, ನೆಲ ನೋಡಿಕೊಳ್ಳುವ ಕೆಲಸ ಮಾಡಿಕೊಂಡಿದ್ದ ಈತನ ಪ್ರಭಾವ ಆಮನ್ಸ್, ಲೂಯಿಸ್ ಇಬ್ಬರ ಮೇಲೂ ಇತ್ತು. ಲೂಯಿಸ್ 1936ರಲ್ಲಿ ಇವರ ಹೆಸರನ್ನಿಟ್ಟೇ ಒಂದು ಕೃತಿಯನ್ನು ಮುದ್ರಿಸಿದರು. ಯಾನ್ಸಿಯ ಸ್ವಂತ ಮುದ್ರಣ ಆದದ್ದು ಅದಕ್ಕೂ ಮೂರು ವರ್ಷದ ಮೇಲೆ, 1939ರಲ್ಲಿ. ಇವರ ಎಡಗೈ ಎಂಟು ಪೆಟ್ಟಿನ ಓಟವನ್ನು ಹಿಡಿಯದೆ ಹಲವೆಡೆ ಹಬನೇರಾ ಎಂಬ ಕ್ಯೂಬಾದ ಕುಣಿತದ ಲಯದ ಹಾಗೆ ಮುಗ್ಗರಿಸುತ್ತ ನಡೆಯುತ್ತದೆ, ಬಲಗೈ ನಾಲ್ಕು ಸ್ವರ ಇಟ್ಟು ಸುಮ್ಮನಾಗುತ್ತದೆ. ನೀವು ಕೇಳಿದ ನೋವು ಬೇಕಾದಷ್ಟಿದೆ. ಯಾವ ಶ್ರುತಿಯಲ್ಲಿ ನುಡಿಸಲಿ, ಮುಗಿಸುವಾಗ ಮಾತ್ರ ಇ ಫ್ಲ್ಯಾಟ್‌ಗೆ ಹೋಗಿ ಮುಗಿಸುವುದು ಈ ಮಾರಾಯರ ವಿಚಿತ್ರ ಅಭ್ಯಾಸ. ಯಾವ ಪರೀಕ್ಷಕರೂ ಅಂಕ ಕೊಡಲಾರರು, ಆದರೆ ಎರಡು ಸ್ವರ ಕೇಳುತ್ತಲೇ ಇದು ಯಾನ್ಸಿ ಎಂದು ಗುರುತು ಹತ್ತುತ್ತದೆ.

ಇನ್ನು ಯುರೋಪಿನವರ ವಿಷಯ. ಹಾಂಬುರ್ಗ್‌ನ ಆಕ್ಸೆಲ್ ಟ್ಸ್‌ವಿಂಗೆನ್‌ಬರ್ಗರ್ 1955ರಲ್ಲಿ ಹುಟ್ಟಿದವರು. ಹನ್ನೊಂದು ವರ್ಷ ಶಾಸ್ತ್ರೀಯ ಪಿಯಾನೊ ಕಲಿತಿದ್ದರು. 1973ರಲ್ಲಿ ಆಮನ್ಸ್, ಲೂಯಿಸ್, ಜಾನ್ಸನ್ ಅವರ ಮುದ್ರಣಗಳನ್ನು ಕೇಳಿ ಈ ಕಡೆ ಹೊರಳಿದರು. ಇಲ್ಲಿಯವರೆಗೆ ಕುಲಶೇಖರದ ಹುಡುಗಿಯ ಕಥೆಯೇ. ಆದರೆ ಅವರು ತಟ್ಟೆಯ ಮುಂದೆ ಕೂತು ಉಳಿಯಲಿಲ್ಲ. 1978ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ ಬಿಗ್ ಜೋ ಟರ್ನರ್ ಅವರ ಹಾಡಿಗೆ ನುಡಿಸಿ ಆಲ್ಬಮ್ ಮಾಡಿದರು. ಕಾರ್ನೆಗಿ ಹಾಲ್‌ನಲ್ಲಿ ಪೀಟ್ ಜಾನ್ಸನ್ ಅವರ ಪಕ್ಕದಲ್ಲಿ ನಿಂತು ಹಾಡಿದವರು ಇದೇ ಟರ್ನರ್. ಟ್ಸ್‌ವಿಂಗೆನ್‌ಬರ್ಗರ್ 1980ರ ದಶಕದಲ್ಲಿ ಗಾಯಕಿ ಸಿಪ್ಪಿ ವ್ಯಾಲೇಸ್ ಅವರೊಡನೆ ಮುದ್ರಣ ಮಾಡಿದರು. ಸಿಪ್ಪಿ ಯಾರೆಂದರೆ, ಆಮನ್ಸ್ ಮತ್ತು ಲೂಯಿಸ್ ಯಾರನ್ನು ಕೇಳಿ ಕಲಿತರೋ ಆ ಹರ್ಸಲ್ ಥಾಮಸ್‌ನ ಸ್ವಂತ ಅಕ್ಕ. ಇಪ್ಪತ್ತರ ದಶಕದಲ್ಲಿ ತಮ್ಮನ ಪಿಯಾನೊಗೆ ಹಾಡಿದವರು. ಟರ್ನರ್ 1985ರಲ್ಲಿ, ಸಿಪ್ಪಿ 1986ರಲ್ಲಿ ಹೋದರು. ಹಾಡುವವರು ಉಸಿರು ತೆಗೆಯುವ ಜಾಗ ಎಲ್ಲಿ, ಪಿಯಾನೊ ಎಲ್ಲಿ ಬಾಯಿ ಮುಚ್ಚಬೇಕು ಎಂಬುದನ್ನು ಇಂಥವರ ಪಕ್ಕದಲ್ಲಿ ಕೂತು ಕಲಿತವರನ್ನು ಬರಿಯ ನಕಲುಗಾರರೆಂದು ತಳ್ಳಿಹಾಕುವುದು ಹೇಗೆ?

ಪರ್ಕಿನ್ಸ್ ಅವರನ್ನೇ ತೆಗೆದುಕೊಳ್ಳಿ. ಮಡ್ಡಿ ವಾಟರ್ಸ್ ಅವರ ತಂಡದಲ್ಲಿ ಡ್ರಮ್ ಇದೆ, ಬಾಸ್ ಗಿಟಾರ್ ಇದೆ. ಮರದ ಶಿಬಿರದಲ್ಲಿ ಎಡಗೈ ಹೊತ್ತಿದ್ದ ಕೆಲಸವನ್ನು ಈಗ ಬೇರೆ ಇಬ್ಬರು ಹೊತ್ತಿದ್ದಾರೆ. ಅಲ್ಲಿಯೂ ಪಿಯಾನೊದವರು ಎಂಟು ಪೆಟ್ಟುಗಳನ್ನು ಬಿಡದೆ ಬಾರಿಸಿದರೆ ಬಾಸ್‌ನ ಕಾಲನ್ನು ತುಳಿದಂತಾಗುತ್ತದೆ. ಆದುದರಿಂದ ಸ್ಪ್ಯಾನ್, ಅವರ ನಂತರ ಪರ್ಕಿನ್ಸ್, ಎಡಗೈಯನ್ನು ತಗ್ಗಿಸಿ, ಗಾಯಕರ ಎರಡು ಸಾಲುಗಳ ನಡುವಿನ ಬಿಡುವಿನಲ್ಲಿ ಬಲಗೈಯಿಂದ ಉತ್ತರ ಕೊಡುವ ರೀತಿಯನ್ನು ಬೆಳೆಸಿದರು. ತಮ್ಮ ಸರದಿ ಬಂದು ತಂಡ ದಾರಿ ಬಿಟ್ಟಾಗ ಮಾತ್ರ ಹಳೆಯ ಎಡಗೈ ಪೂರ್ತಿ ಹೊರಬರುತ್ತಿತ್ತು. ಸ್ಮಿತ್ ಅವರ ತಟ್ಟೆಯನ್ನೂ ಪರ್ಕಿನ್ಸ್ ಅವರ ಮುದ್ರಣವನ್ನೂ ಒಂದರ ಹಿಂದೆ ಒಂದು ಕೇಳಿ; ಇದು ಅದೇ ಎಂದು ಗೊತ್ತಾಗುತ್ತದೆ, ಆದರೆ ಒಪ್ಪಿಸಿದ ಪಾಠವಲ್ಲ ಎಂದೂ ಗೊತ್ತಾಗುತ್ತದೆ. ಇವತ್ತಿಗೂ ಅಮೆರಿಕದ ಬ್ಲೂಸ್ ಪ್ರಶಸ್ತಿಗಳಲ್ಲಿ ಪಿಯಾನೊ ವಾದಕರಿಗೆ ಕೊಡುವ ಪ್ರಶಸ್ತಿ ಪರ್ಕಿನ್ಸ್ ಅವರ ಹೆಸರಿನಲ್ಲಿದೆ, ಅಂದರೆ ಅದು ಸ್ಮಿತ್ ಅವರಿಂದ ಬಂದ ಹೆಸರಿನಲ್ಲಿದೆ.

ಕುಣಿತ ಹೋಯಿತು ಎಂಬುದು ನಷ್ಟವೇ, ಅದನ್ನು ಅಲ್ಲಗಳೆಯಲಾರೆ.

ಫಳ್ನೀರಿನ ಟ್ಯೂನರ್

ಚರ್ಚೆಗೆ ಅಡ್ಡ ಬರುವುದಿಲ್ಲ, ವಾದ್ಯದ ಬಗ್ಗೆ ಎರಡು ಮಾತು. ಮನೆಯಲ್ಲಿ ಇರುವುದು ನಿಜವಾದ ಪಿಯಾನೊ ಆಗಿದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ತೇವಕ್ಕೆ ಒಳಗಿನ ಮರದ ಹಲಗೆ ಉಬ್ಬಿ ಶ್ರುತಿ ಏರುತ್ತದೆ, ಕೀಗಳ ಕೆಳಗಿನ ಬನಾತು ನೀರು ಹೀರಿ ಒತ್ತಿದ ಕೀ ಮೇಲೆ ಬರಲು ತಡಮಾಡುತ್ತದೆ. ನಿಧಾನದ ಹಾಡಿಗೆ ಅದು ಗೊತ್ತಾಗದು. ಒಂದೇ ಕೀಯನ್ನು ಪದೇಪದೇ ಹೊಡೆಯುವ ಈ ಶೈಲಿಯಲ್ಲಿ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಹಾಗಾಗಿ ಮಗಳ ಕೈ ನೋವಿಗೆ ವಾದ್ಯದ ಭಾರವೂ ಕಾರಣವಿರಬಹುದು, ಒಮ್ಮೆ ತೋರಿಸಿ. ಗೋಡೆಗೆ, ಅದರಲ್ಲೂ ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ಅಂಟಿಸಿ ಇಡಬೇಡಿ.

ಡಿಜಿಟಲ್ ಆಗಿದ್ದರೆ 88 ಕೀ ಇರುವ, ಕೀಗೆ ತೂಕ ಕೊಟ್ಟಿರುವ ಮಾದರಿಯೇ ಬೇಕು. ಹೆಡ್‌ಫೋನ್ ಹಾಕಿದರೆ ಸದ್ದಿಲ್ಲ ಎಂದು ಫ್ಲ್ಯಾಟಿನವರು ತಿಳಿದಿರುತ್ತಾರೆ, ಆದರೆ ಎಡಗೈಯ ಪೆಟ್ಟು ಸ್ಟ್ಯಾಂಡಿನ ಕಾಲಿನಿಂದ ನೆಲಕ್ಕೆ ಇಳಿದು ಕೆಳಗಿನ ಮನೆಯವರಿಗೆ ಧಬಧಬ ಎಂದು ಕೇಳಿಸುತ್ತದೆ. ದಪ್ಪ ರಬ್ಬರ್ ಹಾಸಿ ಅದರ ಮೇಲೆ ಇಡಿ.

ಕುಲಶೇಖರದ ತಂದೆ

ಎಲ್ಲರಿಗೂ ಕೃತಜ್ಞತೆಗಳು. ಟೀಚರ್ ಹೇಳಿದಂತೆ ಎಡಗೈ ನಡೆಯುವಾಗ ಪ್ರಶ್ನೆ ಕೇಳುವ ಕೆಲಸ ಈಗ ಮನೆಯವರಿಗೆಲ್ಲ ಆಟವಾಗಿದೆ. ಮೊದಮೊದಲು ಹೌದು, ಅಲ್ಲ ಎಂಬಷ್ಟಕ್ಕೇ ಉತ್ತರ ಮುಗಿಯುತ್ತಿತ್ತು, ಈಗ ಜಗಳ ಮಾಡುವಷ್ಟು ಮಾತು ಬರುತ್ತದೆ, ಕೈ ನಿಲ್ಲುವುದಿಲ್ಲ. ಯಾನ್ಸಿಯನ್ನು ಕೇಳಿದಳು, ಮಣಿಪಾಲದವರಿಗೆ ತನ್ನ ವಂದನೆ ತಿಳಿಸಬೇಕಂತೆ, ಅವರು ಆಕ್ಷೇಪ ಎತ್ತದಿದ್ದರೆ ಆ ಹೆಸರು ಬರುತ್ತಿರಲಿಲ್ಲವಂತೆ.

ಈಗ ಒಂದು ಹೊಸ ತೊಡಕು. ವಿಡಿಯೊಗಳಲ್ಲಿ ಬಲಗೈಯ ಒಂದೇ ಬೆರಳನ್ನು ಕಪ್ಪು ಕೀಯಿಂದ ಪಕ್ಕದ ಬಿಳಿ ಕೀಗೆ ಜಾರಿಸುವುದನ್ನು ನೋಡಿದ್ದಾಳೆ. ಸಿ ಮೇಜರ್‌ನಲ್ಲಿ ಅದು ಸುಲಭವಾಗಿ ಬರುತ್ತದೆ. ಗಿಟಾರ್ ನುಡಿಸುವ ಗೆಳತಿಯ ಜೊತೆ ಕೂತಾಗ ಆಕೆ ಇ ಮೇಜರ್, ಎ ಮೇಜರ್‌ಗಳೇ ಬೇಕೆನ್ನುತ್ತಾಳೆ, ಅಲ್ಲಿ ಜಾರಿಸಲು ಆಗುತ್ತಲೇ ಇಲ್ಲ. ಇದಕ್ಕೆ ಏನು ಉಪಾಯ?

ಬೆಂದೂರಿನ ಪಿಯಾನೊ ಟೀಚರ್

ಅವಳ ಬೆರಳಿನ ದೋಷವಲ್ಲ, ಕೀಲಿಮಣೆಯ ರಚನೆಯೇ ಹಾಗೆ. ಬ್ಲೂಸ್‌ನಲ್ಲಿ ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ ಜಾರುವುದು ಮುಖ್ಯ ಅಲಂಕಾರ. ಸಿಯಲ್ಲಿ ಇ ಫ್ಲ್ಯಾಟ್‌ನಿಂದ ಇಗೆ, ಎಫ್‌ನಲ್ಲಿ ಎ ಫ್ಲ್ಯಾಟ್‌ನಿಂದ ಎಗೆ, ಜಿಯಲ್ಲಿ ಬಿ ಫ್ಲ್ಯಾಟ್‌ನಿಂದ ಬಿಗೆ, ಮೂರರಲ್ಲೂ ಎತ್ತರದ ಕಪ್ಪು ಕೀಯಿಂದ ತಗ್ಗಿನ ಬಿಳಿ ಕೀಗೆ ಇಳಿಯುವುದರಿಂದ ಒಂದೇ ಬೆರಳು ಸಾಕಾಗುತ್ತದೆ. ಇ ಮೇಜರ್‌ನಲ್ಲಿ ಜಿಯಿಂದ ಜಿ ಶಾರ್ಪ್‌ಗೆ, ಎ ಮೇಜರ್‌ನಲ್ಲಿ ಸಿಯಿಂದ ಸಿ ಶಾರ್ಪ್‌ಗೆ ಹೋಗಬೇಕು. ಬಿಳಿಯಿಂದ ಕಪ್ಪಿಗೆ ಹತ್ತಬೇಕು, ಬೆರಳು ಜಾರಿ ಮೇಲೆ ಹತ್ತುವುದಿಲ್ಲ. ಅಲ್ಲಿ ಎರಡು ಬೆರಳು ಬೇಕು: ತೋರುಬೆರಳು ಬಿಳಿಯ ಮೇಲೆ, ನಡುಬೆರಳು ಕಪ್ಪಿನ ಮೇಲೆ ಸಿದ್ಧವಾಗಿರಲಿ, ಹೆಚ್ಚುಕಡಿಮೆ ಒಟ್ಟಿಗೆ ಬೀಳಲಿ, ಬಿಳಿಯದನ್ನು ಕೂಡಲೇ ಬಿಡಲಿ. ಗಿಟಾರ್‌ನವರ ಜೊತೆ ನುಡಿಸುವ ಪಿಯಾನೊದವರಿಗೆ ಇದು ತಪ್ಪಿದ್ದಲ್ಲ.

ಡಿಜಿಟಲ್ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಸಿಯಲ್ಲಿ ನುಡಿಸಿ ಇಯಲ್ಲಿ ಕೇಳಿಸುವ ದಾರಿಯೂ ಇದೆ. ಗೆಳತಿಯ ಜೊತೆ ಕೂತ ದಿನ ಬೇಕಾದರೆ ಒತ್ತಲಿ, ಮನೆಯ ಅಭ್ಯಾಸದಲ್ಲಿ ಬೇಡ. ಮೊದಲು ಎ ಮೇಜರ್‌ನಲ್ಲಿ ಎರಡು ಬೆರಳಿನ ಆ ಪೆಟ್ಟನ್ನು ಮಾತ್ರ, ಎಡಗೈ ಇಲ್ಲದೆ ಅಭ್ಯಾಸ ಮಾಡಿ, ಅದು ಕೂತ ಮೇಲೆ ಇಗೆ ಹೋಗಲಿ. ಎಡಗೈಯ ನಡೆಯಲ್ಲಿ ಇಯಲ್ಲಿ ಗಾಂಧಾರವೂ ಧೈವತವೂ ಕಪ್ಪು ಕೀಗಳ ಮೇಲೆ ಬರುವುದರಿಂದ ಆಕಾರ ಕೈಗೆ ಹೊಸದಾಗಿರುತ್ತದೆ, ವೇಗವನ್ನು ಮತ್ತೆ 70ಕ್ಕೆ ಇಳಿಸಿಕೊಂಡು ಆರಂಭಿಸಲಿ.